ಹದಿನೇಳು ಒಂದುಗಳ ವೈನಿ

ಅಹಮದಾಬಾದಿನಲ್ಲಿ ನಮ್ಮ ಮನೆಯ ಗೋಡೆಗೆ ಹೊಂದಿಕೊಂಡಂತೆ ಧಾರವಾಡ ಕಡೆಯ ಒಂದು ಸಂಸಾರವಿತ್ತು. ಆ ಮನೆಯಾಕೆ ಹೆಚ್ಚುಕಡಿಮೆ ಒಂಬತ್ತು ವರ್ಷ, ದಿನಾ ಮಧ್ಯಾಹ್ನ, ಒಂದೇ ಒಂದು ಸಂಖ್ಯೆಯನ್ನು ಭಾಗಿಸುತ್ತ ಕೂತಿದ್ದರು. ಆ ಸಂಖ್ಯೆಯನ್ನು ನೆನಪಿಡುವುದು ಕಷ್ಟವಲ್ಲ. ಒಂದು ಎಂಬ ಅಂಕಿಯನ್ನು ಪಕ್ಕಪಕ್ಕದಲ್ಲಿ ಹದಿನೇಳು ಸಲ ಬರೆದರೆ ಮುಗಿಯಿತು. ಅದನ್ನು ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆ ಯಾವುದಾದರೂ ಇದೆಯೇ, ಇದ್ದರೆ ಯಾವುದು ಎನ್ನುವುದು ಅವರ ಪ್ರಶ್ನೆ.

ಕಳೆದ ತಿಂಗಳು ಸೂರತ್‌ನಿಂದ ಅವರ ಮಗಳು ಫೋನು ಮಾಡಿದಳು. "ಮಾಸಿ, ಅವ್ವ ಹೋದಳು. ತಕಲೀಫ್ ಏನೂ ಆಗಲಿಲ್ಲ. ಊಟ ಮಾಡಿ ಮಲಗಿದ್ಲು, ಬಸ್, ಏಳಲೇ ಇಲ್ಲ" ಅಂದಳು. ಅವಳ ಕನ್ನಡ ಮೊದಲಿನಿಂದಲೂ ಹೀಗೆಯೇ, ಅರ್ಧ ದಾರಿಗೆ ಹಿಂದಿಯೋ ಗುಜರಾತಿಯೋ ಬಂದು ಕೈಹಿಡಿಯುತ್ತದೆ. ತೊಂಬತ್ತು ದಾಟಿದ ಜೀವ. ಅಳುವಂಥ ಸುದ್ದಿಯಲ್ಲ. ಆದರೂ ಫೋನು ಇಟ್ಟ ಮೇಲೆ ನನಗೆ ಬೇರೆ ಕೆಲಸ ಹತ್ತಲಿಲ್ಲ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರನ್ನು ಯಾರಾದರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೂ ಇಲ್ಲ. ಗಂಡ 'ಏ ಇಕಿ' ಅನ್ನುತ್ತಿದ್ದರು. ಎದುರು ಮನೆಯ ಶಾಂತಾಬೆನ್ 'ಬೆನ್' ಅನ್ನುತ್ತಿದ್ದಳು. ನಮ್ಮ ಸಾಲಿನಲ್ಲಿದ್ದ ಎರಡು ಮೂರು ಕನ್ನಡ ಮನೆಗಳಿಗೆ ಅವರು ವೈನಿ. ಅವರ ಕಡೆ ವೈನಿ ಅಂದರೆ ಅತ್ತಿಗೆ. ಮೈಸೂರಿನವಳಾದ ನನಗೆ ಆ ಪದವೇ ಹೊಸದು. ಆದರೆ ಎರಡು ದಿನದಲ್ಲಿ ನಾಲಿಗೆಗೆ ಹತ್ತಿಬಿಟ್ಟಿತು.

ಅರವತ್ತರ ದಶಕದ ಆರಂಭ. ನನಗೆ ಇಪ್ಪತ್ಮೂರು. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ, ಅಣ್ಣನ ಮನೆಯಲ್ಲಿದ್ದುಕೊಂಡು, ಅಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಲೆಕ್ಕ ಮಾಡುವ ಕೆಲಸಕ್ಕೆ ಸೇರಿದ್ದೆ. ವಿಜ್ಞಾನಿಗಳು ಅಳೆದು ತಂದ ಅಂಕಿಗಳನ್ನು ನಾವು ನಾಲ್ಕು ಜನ ಹುಡುಗಿಯರು ಕೂಡಿಸಿ ಗುಣಿಸಿ ಕೊಡಬೇಕು. ಅದಕ್ಕೆಂದು ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರವಿತ್ತು. ಕಬ್ಬಿಣದ ಪುಟ್ಟ ಪೆಟ್ಟಿಗೆ, ಮೇಲೆ ಸಣ್ಣ ಸಣ್ಣ ಕೀಲುಗಳು, ಪಕ್ಕಕ್ಕೊಂದು ಹಿಡಿ. ಮುಂದಕ್ಕೆ ತಿರುಗಿಸಿದರೆ ಗುಣಾಕಾರ, ಹಿಂದಕ್ಕೆ ತಿರುಗಿಸಿದರೆ ಭಾಗಾಕಾರ. ಸಂಜೆ ಮನೆಗೆ ಬರುವಷ್ಟರಲ್ಲಿ ಬಲಗೈ ಮೊಣಕೈಯವರೆಗೂ ನೋಯುತ್ತಿತ್ತು.

ಒಂದು ಭಾನುವಾರ ವೈನಿ ನಮ್ಮ ಮನೆಗೆ ಜೋಳದ ರೊಟ್ಟಿ ತಂದುಕೊಟ್ಟರು. ಎತ್ತರದ, ಎಲುಬು ಕಾಣುವ ಮೈಕಟ್ಟು. ಮಾಸಿದ ಇಳಕಲ್ ಸೀರೆ. ಬೆರಳ ತುದಿಯಲ್ಲಿ ಹಿಟ್ಟು, ಕಿವಿಯ ಮೇಲೆ ಬಡಗಿಗಳು ಸಿಕ್ಕಿಸಿಕೊಳ್ಳುವ ಹಾಗೆ ಒಂದು ಪೆನ್ಸಿಲ್ ತುಂಡು. ನಾನು ಏನು ಕೆಲಸ ಮಾಡುತ್ತೇನೆಂದು ಅಣ್ಣನ ಹೆಂಡತಿ ಹೇಳಿದ್ದಳೆಂದು ಕಾಣುತ್ತದೆ. ಊರು ಯಾವುದು, ಮದುವೆ ಯಾವಾಗ ಎಂದು ಎಲ್ಲರೂ ಕೇಳುವ ಪ್ರಶ್ನೆಗಳನ್ನು ಬಿಟ್ಟು ಅವರು ಕೇಳಿದ್ದು ಒಂದೇ.

"ನಿನ್ನ ಮಷಿನ್ನು ಎಷ್ಟು ಅಂಕಿ ನುಂಗ್ತದವಾ?"

ಹೇಳಿದೆ. ಅವರು ಹುಬ್ಬೇರಿಸಿ, "ಹದಿನೇಳು ನುಂಗ್ತದೇನು?" ಅಂದರು.

"ಉತ್ತರ ತೋರಿಸೋ ಕಿಂಡಿಗಳಲ್ಲಿ ಹದಿನೆಂಟರ ತನಕ ಬರುತ್ತೆ."

"ಬಾ ಮನಿಗೆ" ಅಂದು ನಡೆದೇಬಿಟ್ಟರು. ಹಾಗೆ ಶುರುವಾಯಿತು.

ಅವರ ಅಡುಗೆಮನೆಯ ಗೂಡಿನಲ್ಲಿ ಉಪ್ಪಿನಕಾಯಿ ಭರಣಿಗಳ ಪಕ್ಕ ವಹಿಗಳು ಜೋಡಿಸಿದ್ದವು. ವಹಿ ಅಂದರೆ ನೋಟ್‌ಬುಕ್ಕು, ಅದೂ ಅವರ ಕಡೆಯ ಮಾತು. ಪ್ರತಿ ಪುಟದ ನೆತ್ತಿಯಲ್ಲಿ ಕನ್ನಡ ಅಂಕಿಯಲ್ಲಿ ಹದಿನೇಳು ಒಂದುಗಳು, ೧೧೧೧೧೧೧೧೧೧೧೧೧೧೧೧೧, ಅದರ ಎಡಕ್ಕೆ ಆ ಹೊತ್ತಿನ ಭಾಜಕ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭಾಗಾಕಾರ, ಕೊನೆಯಲ್ಲಿ ಶೇಷ. ಅದರ ಕೆಳಗೆ ಒಂಬತ್ತರ ತಾಳೆ. ಅಂಕಿಗಳನ್ನು ಕೂಡಿಸಿ ಒಂಬತ್ತುಗಳನ್ನು ಬಿಟ್ಟು ಲೆಕ್ಕ ಸರಿಯಿದೆಯೇ ನೋಡುವ ಹಳೆಯ ಶಾಲೆಯ ಪದ್ಧತಿ.

ಶಾಂತಾಬೆನ್ ಒಮ್ಮೆ ಈ ಪುಟಗಳನ್ನು ನೋಡಿ ಕೈಮುಗಿದಳಂತೆ. ಅಲ್ಲಿನ ಹೆಂಗಸರು ವಹಿ ತುಂಬ ರಾಮನಾಮ ಬರೆಯುವುದುಂಟು. ಒಂದೇ ಅಕ್ಷರ ಸಾಲಾಗಿ ಕಂಡದ್ದಕ್ಕೆ ಇದು ಕನ್ನಡದ ರಾಮನಾಮ ಅಂದುಕೊಂಡಿದ್ದಳು. "ನೀವು ಏನಂದ್ರಿ?" ಅಂತ ಕೇಳಿದೆ. "ಏನೂ ಅನಲಿಲ್ಲ, ನಕ್ಕೆ ಅಷ್ಟ. ಆಕಿ ಅವತ್ತಿನಿಂದ ಮಧ್ಯಾಹ್ನದ ಹೊತ್ತು ನನ್ನ ಬಾಗಿಲಾ ಬಡಿಯೂದಿಲ್ಲ. ಅಷ್ಟು ಉಪಕಾರ ಆತು" ಅಂದರು.

ಅವರು ಕಲಿತದ್ದು ಮುಲ್ಕಿ ಪರೀಕ್ಷೆಯ ತನಕ, ಅಂದರೆ ಏಳನೆಯ ತರಗತಿ. ತಂದೆ ಕನ್ನಡ ಶಾಲೆಯ ಮಾಸ್ತರು. ಮಗಳಿಗೆ ಒಂದುಗಳ ಆಟ ಕಲಿಸಿದವರು ಅವರೇ. ಮೂರು ಒಂದು ಬರೆದರೆ ಮೂರು ಮೂವತ್ತೇಳಲೆ, ಅಂದರೆ ಮೂರನ್ನು ಮೂವತ್ತೇಳರಿಂದ ಗುಣಿಸಿದ್ದು. ನಾಲ್ಕು ಬರೆದರೆ ಹನ್ನೊಂದು ನೂರಾ ಒಂದಲೆ. ಹೀಗೆ ಒಂದೊಂದೇ ಹೆಚ್ಚಿಸುತ್ತ ಹೋಗುವುದು, ಒಡೆಯುತ್ತ ಹೋಗುವುದು. ಹನ್ನೊಂದು ಒಂದುಗಳನ್ನು ಒಡೆಯಲು ಹುಡುಗಿಗೆ ಒಂದು ಬೇಸಿಗೆ ರಜೆ ಹಿಡಿದಿತ್ತಂತೆ. ಹದಿನಾರರ ತನಕ ಹೇಗೋ ಆಯಿತು. ಹದಿನೇಳು ಮಾತ್ರ ಜಗ್ಗಲಿಲ್ಲ. ಅಷ್ಟರಲ್ಲಿ ಮದುವೆಯಾಯಿತು, ಗುಜರಾತಿಗೆ ಬಂದರು. ಬಂದ ಹೊಸದರಲ್ಲಿ ಭಾಷೆ ಬರದು, ಗಂಡ ಮಿಲ್ಲಿನ ಪಾಳಿಗೆ ಹೋದರೆ ಮಾತಾಡಲು ಯಾರೂ ಇಲ್ಲ. ಒಂದು ದಿನ ಬಟಾಟೆ ಕಟ್ಟಿ ತಂದ ಕಾಗದದ ಮೇಲೆ ಹದಿನೇಳು ಒಂದು ಬರೆದು ಭಾಗಿಸಲು ಕೂತರು.

"ಒಂದು ಕಡಿಂದ ಎಲ್ಲಾ ಸಂಖ್ಯಾದಿಂದ ಭಾಗಸ್ಕೋತ ಹೋಗ್ತೀರಾ?" ಎಂದು ಕೇಳಿದ್ದೆ, ಅವರ ಮಾತಿನ ಧಾಟಿ ನನಗೂ ಅಂಟಿಕೊಂಡು.

"ಹುಚ್ಚಿ ಇದ್ದೀನೇನು?" ಅಂದರು. ಆಮೇಲೆ ವಹಿಯ ಹಿಂದಿನ ರಟ್ಟು ತೋರಿಸಿದರು. ಐದು ಒಂದುಗಳನ್ನು ಭಾಗಿಸುವುದು ೪೧ ಮತ್ತು ೨೭೧. ಎರಡರಲ್ಲೂ ಒಂದು ಕಳೆದರೆ ಉಳಿಯುವುದು ಐದರ ಮಗ್ಗಿಯಲ್ಲಿ ಬರುತ್ತದೆ. ಏಳು ಒಂದುಗಳನ್ನು ಭಾಗಿಸುವುದು ೨೩೯ ಮತ್ತು ೪೬೪೯. ಒಂದು ಕಳೆದರೆ ಏಳರ ಮಗ್ಗಿ. ಹನ್ನೊಂದಕ್ಕೂ ಹಾಗೆಯೇ, ಹದಿಮೂರಕ್ಕೂ ಹಾಗೆಯೇ. "ಮೂರು ಒಂದು ಉಡಾಳ, ಅದು ಯಾರ ಮಾತೂ ಕೇಳೂದಿಲ್ಲ. ಐದು, ಏಳು, ಹನ್ನೊಂದು, ಹದಿಮೂರು, ಒಡೀಲಾರದ ಇಂಥಾವು ಎಲ್ಲಾ ಕೇಳ್ತಾವ. ಹಂಗಾದ್ರ ಹದಿನೇಳಕ್ಕ ಹೋಗೂದು ಹದಿನೇಳರ ಮಗ್ಗಿಗಿಂತ ಒಂದು ಜಾಸ್ತಿ ಇರಬೇಕು. ಸರಿಸಂಖ್ಯಾ ಅಂತೂ ಅಲ್ಲ. ಅದಕ್ಕ ಮೂವತ್ನಾಲ್ಕು ಮೂವತ್ನಾಲ್ಕು ಜಿಗಕೋತ ಹೊಂಟೀನಿ. ನಡುವ ಮೂರು, ಐದು, ಏಳು, ಹನ್ನೊಂದು, ಹದಿಮೂರಕ್ಕ ಹೋಗೂವು ಬಂದ್ರ ಬಿಟ್ಟು ಬಿಡ್ತೀನಿ."

ನಾನು ಬೆರಗಾದೆ. ಕಾಲೇಜಿನಲ್ಲಿ ಇದನ್ನೇ ಒಂದು ಪ್ರಮೇಯವಾಗಿ ಕಲಿತಿದ್ದೆ, ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ. "ವೈನಿ, ಇದು ಸಿದ್ಧ ಆಗಿರೋ ವಿಷಯ. ನೀವು ಊಹಿಸಿದ್ದು ಪೂರ್ತಿ ಸರಿ" ಅಂದೆ.

ಅವರ ಮುಖದಲ್ಲಿ ಮೊದಲು ಕಂಡದ್ದು ಸಮಾಧಾನ. "ಹೌದಾ? ಯಾರೋ ಸಿದ್ಧ ಮಾಡ್ಯಾರಾ? ಛಲೋ ಆತು ತಗೋ. ಇಷ್ಟು ದಿನಾ ಅಂಜಿಕೋತ ಜಿಗೀಲಿಕ್ಕತ್ತಿದ್ದೆ."

ಮೂವತ್ನಾಲ್ಕರಂತೆ ಜಿಗಿದರೂ ದಾರಿ ಸಣ್ಣದಲ್ಲ. ಯಾವ ಸಂಖ್ಯೆಯೇ ಆಗಲಿ, ಒಡೆಯುವುದಾದರೆ ಅದರ ಒಂದು ತುಂಡು ವರ್ಗಮೂಲದ ಒಳಗೇ ಸಿಗಬೇಕು. ಹದಿನೇಳು ಒಂದುಗಳ ವರ್ಗಮೂಲ ಹತ್ತು ಕೋಟಿ ಐವತ್ತನಾಲ್ಕು ಲಕ್ಷದ ಹತ್ತಿರ. ವೈನಿ ದಿನಕ್ಕೆ ಏಳೆಂಟು ಭಾಗಾಕಾರ ಮಾಡುತ್ತಿದ್ದರು. ಆ ವೇಗದಲ್ಲಿ ಎಲ್ಲವನ್ನೂ ನೋಡಿ ಮುಗಿಸಲು ನಾಲ್ಕು ನೂರು ವರ್ಷ ಬೇಕು. ಅದು ಅವರಿಗೂ ಗೊತ್ತಿತ್ತು.

ನಮ್ಮ ಕಚೇರಿಯ ಯಂತ್ರದಲ್ಲಿ ಊಟದ ಬಿಡುವಿನಲ್ಲಿ ನಾನೂ ಒಂದಷ್ಟು ಮಾಡಿಕೊಡುತ್ತೇನೆ ಎಂದಿದ್ದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದರು: "ಬ್ಯಾಡ. ನೀ ಯಾವದರ ಒಂದು ದಿನಾ ಓಡಿ ಬಂದು 'ಸಿಕ್ತು ವೈನಿ' ಅಂತೀ. ಆವಾಗ ನಾ ನಗಬೇಕು. ನನಗ ನಗು ಬರ್ತದೋ ಇಲ್ಲೋ ಖಾತ್ರಿ ಇಲ್ಲ."

ಗಂಡ, ನಾವೆಲ್ಲ ರಾಯರು ಅನ್ನುತ್ತಿದ್ದೆವು, ಆ ಹೊತ್ತಿಗೆ ಮಿಲ್ಲು ಬಿಟ್ಟು ನರೋಡಾದಲ್ಲಿ ಹೊಸದಾಗಿ ಎದ್ದ ಒಂದು ಯಂತ್ರದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಮಾತು ಬಹಳ ಕಡಿಮೆ. ವಹಿ ಮುಗಿಯುತ್ತ ಬಂದದ್ದನ್ನು ತಾವೇ ಗಮನಿಸಿ ಹೊಸದೊಂದನ್ನು ತಂದು ಗೂಡಿನಲ್ಲಿ ಇಡುತ್ತಿದ್ದರು. ಹೆಂಡತಿಯ ಲೆಕ್ಕದ ಬಗ್ಗೆ ಅವರು ನನ್ನೆದುರು ಆಡಿದ ಮಾತು ಒಂದೇ: "ನಾವು ಕಾರ್ಖಾನ್ಯಾಗ ಕೂದಲೆಳಿಯಷ್ಟು ಫರಕು ಬಂದ್ರೂ ಮಾಲು ಪಾಸ್ ಮಾಡ್ತೀವಿ. ಇಕಿ ಮಾಡೂದಿಲ್ಲ."

ನನ್ನ ಕೆಲಸದ ಮೂರನೆಯ ವರ್ಷ, ಉತ್ತರಾಯಣದ ಗಾಳಿಪಟಗಳು ಇನ್ನೂ ತಂತಿಗಳಲ್ಲಿ ನೇತಾಡುತ್ತಿದ್ದ ಹೊತ್ತಿನಲ್ಲಿ, ಕಚೇರಿಯವರು ನನ್ನನ್ನು ನಾಲ್ಕು ದಿನಕ್ಕೆ ವಡೋದರಾಕ್ಕೆ ಕಳಿಸಿದರು. ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲವು ಕೋಷ್ಟಕಗಳನ್ನು ನಕಲು ಮಾಡಿಕೊಂಡು ಬರಬೇಕಿತ್ತು. ಫತೇಗಂಜ್‌ನಲ್ಲಿ ಗೆಳತಿಯೊಬ್ಬಳ ಹಾಸ್ಟೆಲ್ಲಿನಲ್ಲಿ ಉಳಿದುಕೊಂಡೆ. ಬೆಳಿಗ್ಗೆ ಹತ್ತಿರದ ಉಡುಪಿಯವರ ಹೋಟೆಲಿನಲ್ಲಿ ಇಡ್ಲಿ ತಿಂದು ಗ್ರಂಥಾಲಯಕ್ಕೆ ಹೋದರೆ ಸಂಜೆಯ ತನಕ ಬರವಣಿಗೆ.

ಮೂರನೆಯ ದಿನ ನನ್ನ ಕೆಲಸ ಬೇಗ ಮುಗಿಯಿತು. ಪಕ್ಕದ ಕಪಾಟಿನಲ್ಲಿ ಹಳೆಯ ಸಂಖ್ಯಾ ಕೋಷ್ಟಕಗಳ ಒಂದು ದಪ್ಪ ಪುಸ್ತಕ ಕಂಡಿತು. ನನಗೆ ಓದಲು ಬಾರದ ಯಾವುದೋ ಯುರೋಪಿನ ಭಾಷೆ. ಆದರೆ ಅಂಕಿಗಳಿಗೆ ಭಾಷೆ ಬೇಕಿಲ್ಲ. ಹಾಳೆ ತಿರುವುತ್ತಿದ್ದಾಗ ಒಂದು ಪುಟದಲ್ಲಿ ೪೧, ೨೭೧ ಕಂಡವು. ಅದರ ಕೆಳಗೆ ೨೩೯, ೪೬೪೯. ನೋಡಬಾರದಿತ್ತು ಅಂತ ಈಗ ಅನ್ನಿಸುತ್ತದೆ. ಆಗ ಕಣ್ಣು ತಾನಾಗಿ ಹದಿನೇಳರ ಸಾಲಿಗೆ ಇಳಿದಿತ್ತು. ಅಲ್ಲಿ ಎರಡು ಸಂಖ್ಯೆಗಳಿದ್ದವು. ೨೦,೭೧,೭೨೩ ಮತ್ತು ೫೩೬,೩೨,೨೨,೩೫೭. ಮುಂದಿನ ಪುಟದಲ್ಲಿ ಹತ್ತೊಂಬತ್ತರ ಸಾಲೂ ಇತ್ತು. ಅದನ್ನೂ ನೋಡಿಬಿಟ್ಟೆ.

ಅಹಮದಾಬಾದಿಗೆ ಬಂದ ಮರುದಿನ ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಯಂತ್ರದಲ್ಲಿ ಆ ಎರಡು ಸಂಖ್ಯೆಗಳನ್ನು ಗುಣಿಸಿದೆ. ಹಿಡಿ ತಿರುಗಿಸುತ್ತ ಹೋದ ಹಾಗೆ ಕಿಂಡಿಗಳಲ್ಲಿ ಅಂಕಿಗಳು ಬಲಗಡೆಯಿಂದ ಒಂದೊಂದಾಗಿ ಒಂದಕ್ಕೆ ತಿರುಗಿ ನಿಂತವು. ಕೊನೆಗೆ ಹದಿನೇಳು ಕಿಂಡಿಗಳಲ್ಲೂ ಒಂದು. ನಾನು ಬಹಳ ಹೊತ್ತು ನೋಡುತ್ತ ಕೂತಿದ್ದೆ. ಆಮೇಲೆ ಎಲ್ಲವನ್ನೂ ಸೊನ್ನೆಗೆ ತಂದು, ಕಾಗದ ಹರಿದು ಹಾಕಿದೆ.

ಅವತ್ತು ಸಂಜೆ ವೈನಿಯ ಮನೆಗೆ ಹೋಗಿ ಎಲ್ಲಿಗೆ ಬಂತೆಂದು ಕೇಳಿದೆ. ಹತ್ತೊಂಬತ್ತು ಲಕ್ಷ ಎಂಬತ್ತು ಸಾವಿರ ಎಂದರು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವರ ವೇಗದಲ್ಲಿ ಇನ್ನು ನಾಲ್ಕೂವರೆ ತಿಂಗಳು. ನಾಲ್ಕು ನೂರು ವರ್ಷದ ದಾರಿಯಲ್ಲಿ ನಾಲ್ಕೂವರೆ ತಿಂಗಳು. ನನ್ನ ಸಂತೋಷ ಹೇಳತೀರದು. ಹೇಳಿ ಕೆಡಿಸುವುದು ಬೇಡ, ತಾವಾಗಿಯೇ ಬಂದು ಮುಟ್ಟಲಿ ಎಂದು ಬಾಯಿ ಮುಚ್ಚಿಕೊಂಡೆ. ಅವರು ಕೊಟ್ಟ ಚಹಾ ಕುಡಿದು ಮನೆಗೆ ಬಂದೆ.

ಬೇಸಿಗೆ ಕಳೆಯಿತು. ಜೂನ್ ನಡುವೆ ಮೊದಲ ಮಳೆ ಬಿತ್ತು. ಕಚೇರಿಯಿಂದ ಬಂದವಳೇ ದಿನಾ ಅವರ ಮುಖ ನೋಡುತ್ತಿದ್ದೆ. ಒಂದು ವಾರ ತಡವಾಗಬಹುದು, ಮಗಳಿಗೆ ಜ್ವರ ಬಂದಿತ್ತಲ್ಲ ಅಂದುಕೊಂಡೆ. ಎರಡು ವಾರವಾಯಿತು. ಜುಲೈ ನಡುವೆ ಒಂದು ದಿನ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಾಗ ತಡೆಯಲಾರದೆ ಕೇಳಿದೆ.

"ಇಪ್ಪತ್ತು ಲಕ್ಷ ತೊಂಬತ್ತು ಸಾವಿರ ಆತು" ಅಂದರು, ಎಂದಿನ ಸಮಾಧಾನದಲ್ಲಿ.

ದಾಟಿಬಿಟ್ಟಿದ್ದರು. ಒಂಬತ್ತು ವರ್ಷ ನಡೆದು, ಬಾಗಿಲನ್ನು ಕೈಯಿಂದ ಸವರಿ, ಅದು ಗೋಡೆ ಅಂದುಕೊಂಡು ಮುಂದೆ ಹೋಗಿದ್ದರು. ಎಲ್ಲೋ ಒಂದು ತಪ್ಪು ನುಸುಳಿತ್ತು. ಇನ್ನು ಮುಂದೆ ಆ ದಾರಿಯಲ್ಲಿ ಅವರಿಗೆ ಏನೂ ಸಿಗುವುದಿಲ್ಲ. ಇನ್ನೊಂದು ತುಂಡು ಐದು ನೂರು ಕೋಟಿಯ ಆಚೆಗಿದೆ. ಬದುಕಿರುವ ತನಕ ಶೇಷವೇ ಗತಿ. ಅದು ಈ ಜಗತ್ತಿನಲ್ಲಿ ನನ್ನೊಬ್ಬಳಿಗೆ ಗೊತ್ತು.

ಮೂರು ದಿನ ಇದೇ ಯೋಚನೆ. ಹೇಳಿದರೆ ಆರು ತಿಂಗಳು ಮುಚ್ಚಿಟ್ಟದ್ದು ಹೊರಬರುತ್ತದೆ. ಹೇಳದಿದ್ದರೆ ದಿನಾ ಅವರ ಎದುರು ಕೂತು ಆ ವಹಿ ತುಂಬುವುದನ್ನು ನೋಡಬೇಕು. ನಾಲ್ಕನೆಯ ದಿನ ಕಚೇರಿಗೆ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಹೋದೆ. ಅವರು ಭಾಗಿಸುತ್ತ ಕೂತಿದ್ದರು.

"ವೈನಿ, ಹಿಂದಿನ ವಹಿ ಒಂದ್ಸಲ ನೋಡ್ತೀರಾ?"

"ಯಾವುದು?"

"ಇಪ್ಪತ್ತು ಲಕ್ಷ ದಾಟಿದ ಮೇಲಿನದು."

ಪೆನ್ಸಿಲ್ ನಿಂತಿತು. ನನ್ನ ಮುಖವನ್ನೇ ನೋಡಿದರು. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ನಿನಗ ಗೊತ್ತದ."

"ಹೂಂ."

"ಯಾವಾಗಿಂದ?"

"ಸಂಕ್ರಾಂತಿ ಆದ ಮೇಲಿಂದ. ವಡೋದರಾದಲ್ಲಿ ಒಂದು ಹಳೇ ಪುಸ್ತಕದಲ್ಲಿ ಇತ್ತು. ನೀವೇ ಮುಟ್ಟಲಿ ಅಂತ..."

"ಆರು ತಿಂಗಳು ನನ್ನ ಮನ್ಯಾಗ ಚಹಾ ಕುಡದಿ" ಅಂದರು. ದನಿ ಏರಲಿಲ್ಲ. "ದಿನಾ ನನ್ನ ಮಾರಿ ನೋಡಿದಿ, ಎರಡು ಸಲ ಕೇಳಿದಿ, ಎಲ್ಲಿಗೆ ಬಂತು ವೈನಿ ಅಂತ. ನಾ ತಿಳಕೊಂಡಿದ್ದೆ, ನನ್ನಂಗ ನಿನಗೂ ಗೊತ್ತಿಲ್ಲ, ಇಬ್ಬರೂ ಕೂಡಿ ದಾರಿ ನೋಡಲಿಕ್ಕತ್ತೀವಿ ಅಂತ."

ಸಂಖ್ಯೆ ಹೇಳಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ, "ಈಗ ಹೋಗವಾ" ಅಂದರು.

ಎಂಟು ದಿನ ಆ ಮನೆಯ ಕಡೆ ಹೋಗಲಿಲ್ಲ. ಗೋಡೆಯಾಚೆ ಪಾತ್ರೆ ಸದ್ದು, ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಒಂಬತ್ತನೆಯ ದಿನ ಭಾನುವಾರ ಬೆಳಿಗ್ಗೆ ರಾಯರು ನಮ್ಮ ಬಾಗಿಲಿಗೆ ಬಂದರು. ಆ ಮನುಷ್ಯ ಅದಕ್ಕೆ ಮೊದಲು ನಮ್ಮ ಹೊಸ್ತಿಲಿಗೆ ಬಂದದ್ದೇ ಇಲ್ಲ. "ಇಕಿ ಕರೀಲಿಕ್ಕತ್ತಾಳ ನೋಡ್ರಿ" ಅಂದರು.

ವೈನಿ ಚಾಪೆಯ ಮೇಲೆ ವಹಿಗಳನ್ನು ಹರಡಿಕೊಂಡು ಕೂತಿದ್ದರು. ತಲೆ ಎರೆದುಕೊಂಡು, ಹೂ ಮುಡಿದಿದ್ದರು. "ಕೂಡು" ಅಂದರು. ಒಂದು ವಹಿ ತೆಗೆದು ನನ್ನ ಮುಂದೆ ಇಟ್ಟರು.

"ಎಲ್ಲಾ ತಿರಿಗಿ ಭಾಗಿಸಿದ್ರೆ ಮೂರು ನಾಕು ತಿಂಗಳಾದ್ರೂ ಬೇಕು. ಅದಕ್ಕ ಕೂತು ವಿಚಾರ ಮಾಡಿದೆ. ಪ್ರತಿ ಪುಟಕ್ಕೂ ಒಂಬತ್ತರ ತಾಳಿ ನೋಡೀನಿ. ತಾಳಿಗೂ ಸಿಗಲಾರದಂಥಾ ತಪ್ಪು ಯಾವುದು? ಅಂಕಿ ಅದಲಿಬದಲಿ ಆಗೂದು. ಕೂಡಿಸಿದ್ರ ಮೊತ್ತ ಅಷ್ಟ ಬರ್ತದ, ತಾಳಿ ಸರಿ ಅಂತದ. ಹಂಗಾದ್ರ ಭಾಗಾಕಾರ ನೋಡೂದು ಬ್ಯಾಡ, ಬರೀ ಪುಟದ ತಲಿ ನೋಡಿದ್ರ ಸಾಕು."

ಭಾಜಕಗಳ ಪಟ್ಟಿ ಒಂದು ಬೇರೆಯ ವಹಿಯಲ್ಲಿ ಮೊದಲೇ ಬರೆದಿಟ್ಟಿರುತ್ತಿದ್ದರು. ಅದರಿಂದ ಒಂದೊಂದನ್ನು ಎತ್ತಿ ಪುಟದ ತಲೆಗೆ ಬರೆದು ಭಾಗಿಸುವುದು. ಪಟ್ಟಿಯಲ್ಲಿ ೨೦,೭೧,೭೨೩ ಇತ್ತು. ಪುಟದ ಮೇಲೆ ೨೦,೧೭,೭೨೩ ಇತ್ತು. ಏಳು ಒಂದು ಹಿಂದುಮುಂದಾಗಿದ್ದವು. ಅವರು ಭಾಗಿಸಿದ್ದೇ ಬೇರೆ ಸಂಖ್ಯೆಯನ್ನು ಹಿಡಿದು.

ಪುಟದ ಮೂಲೆಯಲ್ಲಿ ತಾರೀಖು ಇತ್ತು. "ಮಗಳಿಗೆ ನೂರಾ ನಾಕು ಜ್ವರ ಏರಿದ್ದ ದಿನಾ ಇದು" ಅಂದರು. "ಒಂದು ಕೈಯಾಗ ಒದ್ದಿ ಅರಿವಿ, ಒಂದು ಕೈಯಾಗ ಪೆನ್ಸಿಲ್ಲು."

"ಅಂಥ ದಿನ ಯಾಕೆ ಮಾಡಿದ್ರಿ ವೈನಿ, ಬಿಡಬಹುದಿತ್ತಲ್ಲ."

"ಮಾಡದ ಸುಮ್ಮನ ಕೂತಿದ್ರ ಅಂಜಿಕಿ ಜಾಸ್ತಿ ಆಗ್ತಿತ್ತವಾ" ಅಂದರು.

ಆಮೇಲೆ ಹೊಸ ಪುಟ ತೆರೆದರು. "ಶುಕ್ರವಾರನ ಸಿಕ್ಕದ. ನೀ ಇಲ್ಲದ ಭಾಗಸಬಾರದು ಅಂತ ಹಂಗ ಬಿಟ್ಟೀನಿ. ಸಿಟ್ಟು ಬಂದಿತ್ತು, ಈಗಿಲ್ಲ. ನನಗ ನೀ ಮಾಡಿದ್ದು ಮನಸಿಗೆ ಬಂದಿಲ್ಲ ಖರೆ, ಆದ್ರ ದಾಟಿ ಹೋಗೂದನ್ನ ನೋಡಿ ಸುಮ್ಮನ ಕೂಡಲಿಲ್ಲಲ್ಲ, ಅದು ಮನಸಿಗೆ ಬಂತು."

ಹದಿನೇಳು ಒಂದು ಬರೆದರು. ಪಕ್ಕದಲ್ಲಿ ಭಾಜಕ ಬರೆದು, ಪಟ್ಟಿಯನ್ನು ರಾಯರ ಕೈಗೆ ಕೊಟ್ಟು, "ಗಟ್ಟಿಯಾಗಿ ಓದ್ರಿ" ಅಂದರು. ರಾಯರು ಒಂದೊಂದೇ ಅಂಕಿ ಓದಿದರು. ಇವರು ಒಂದೊಂದರ ಮೇಲೂ ಬೆರಳಿಟ್ಟರು. ಆಮೇಲೆ ಭಾಗಾಕಾರ ಶುರುವಾಯಿತು. ಐದು ಸಲ ಹೋಗ್ತದ. ಮೂರು ಸಲ. ಆರು ಸಲ. ಪ್ರತಿ ಮೆಟ್ಟಿಲಿಗೂ ಮೇಲಿನಿಂದ ಒಂದು ಒಂದನ್ನು ಕೆಳಗೆ ಇಳಿಸುವುದು, ಕಳೆಯುವುದು. ಮಗಳು ಬಂದು ಅವರ ಬೆನ್ನಿಗೆ ಒರಗಿ ನಿಂತಳು. ರಾಯರು ಪಟ್ಟಿ ಹಿಡಿದುಕೊಂಡೇ ನಿಂತಿದ್ದರು. ಉತ್ತರ ಗೊತ್ತಿದ್ದ ನಾನೂ ಪ್ರತಿ ಮೆಟ್ಟಿಲನ್ನು ಮನಸ್ಸಿನಲ್ಲೇ ಕಳೆದು ನೋಡುತ್ತಿದ್ದೆ.

ಕೊನೆಯ ಒಂದನ್ನು ಇಳಿಸಿದರು. ೧,೪೫,೦೨,೦೬೧ ಬಂತು. ಬದಿಯಲ್ಲಿ ಭಾಜಕವನ್ನು ಏಳರಿಂದ ಗುಣಿಸಿದರು. ಅದೂ ೧,೪೫,೦೨,೦೬೧. ಅದನ್ನು ಇದರ ಕೆಳಗೆ ಬರೆದು, ಗೆರೆ ಎಳೆದು, ಒಂದು ಸೊನ್ನೆ ಹಾಕಿದರು. ಒಂಬತ್ತು ವರ್ಷದಲ್ಲಿ ಆ ಜಾಗದಲ್ಲಿ ಅವರು ಬರೆದ ಮೊದಲ ಸೊನ್ನೆ. ಸ್ವಲ್ಪ ದೊಡ್ಡದಾಗಿಯೇ ಬರೆದರು.

"ಆತು" ಅಂದರು. ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದರು. ರಾಯರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ನಾನು, "ಇನ್ನೊಂದು ತುಂಡು ಮತ್ತೆ ಒಡೆಯೋದಿಲ್ಲ ವೈನಿ. ಪುಸ್ತಕದಲ್ಲಿ ಹಾಗೇ ಇದೆ" ಅಂದೆ.

ಅವರು ಆ ಐದು ನೂರು ಕೋಟಿಯ ಸಂಖ್ಯೆಯನ್ನು ನೋಡಿದರು. ಬೆರಳ ಗೆಣ್ಣುಗಳ ಮೇಲೆ ಏನೋ ಎಣಿಸಿದರು. ಆಮೇಲೆ ಮುಖ ಅರಳಿತು. "ಇದಕ್ಕ ಪುಸ್ತಕ ಬೇಕಾಗಿಲ್ಲ. ಇದು ಒಡಿಯೂದಾಗಿದ್ರ ಒಂದು ತುಂಡು ಎಪ್ಪತ್ಮೂರು ಸಾವಿರದ ಮ್ಯಾಲ ಒಂದಿಷ್ಟು, ಅದರ ಒಳಗ ಇರಬೇಕು. ಆ ತುಂಡು ಹದಿನೇಳು ಒಂದನ್ನೂ ಭಾಗಸಬೇಕು. ಅಷ್ಟರ ಒಳಗಿಂದೆಲ್ಲಾ ನಾ ನೋಡಿ ಬಿಟ್ಟೀನಿ. ಮೊದಲಿನ ಎರಡು ವಹಿ. ಬಂದ ವರ್ಷ ಬರದದ್ದು."

ಆ ಮೊದಲ ವರ್ಷದ ಎಂಟುನೂರಕ್ಕೂ ಹೆಚ್ಚು ಭಾಗಾಕಾರಗಳಲ್ಲಿ ಒಂದೂ ಫಲ ಕೊಟ್ಟಿರಲಿಲ್ಲ. ಎಲ್ಲದರಲ್ಲೂ ಶೇಷ ಉಳಿದಿತ್ತು. ಈಗ ಅವೆಲ್ಲ ಸೇರಿ ಈ ಸಂಖ್ಯೆ ಒಡೆಯುವುದಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿ ನಿಂತವು. ಗಣಿತ ಓದಿದವಳು ನಾನು. ಇದು ನನಗೆ ಹೊಳೆದಿರಲಿಲ್ಲ. ಅವರು ತಕ್ಷಣ ಗೂಡಿನಿಂದ ಆ ಎರಡು ವಹಿ ಇಳಿಸಿದರು. ಅದಲುಬದಲು ಅಲ್ಲೂ ಆಗಿರಬಹುದಲ್ಲ. ಊಟಕ್ಕೂ ಏಳದೆ ನಾನು ಪಟ್ಟಿ ಓದಿದೆ, ಅವರು ಪುಟದ ತಲೆ ನೋಡಿದರು. ಒಂದೂ ತಪ್ಪಿರಲಿಲ್ಲ. ಹಳೆಯ ಆ ಪುಟಗಳಲ್ಲಿ ಅಕ್ಷರ ಸಣ್ಣದಾಗಿ, ಒತ್ತಿ ಬರೆದಂತೆ ಇತ್ತು. ಮಾತಾಡಲು ಜನ ಇಲ್ಲದ ಕಾಲದ ಬರಹ.

ಸಂಜೆ ಚಹಾ ಕುಡಿಯುವಾಗ, ಯಾರೋ ಮೊದಲೇ ಮಾಡಿಟ್ಟಿದ್ದರಲ್ಲ, ಬೇಜಾರಾಗಲಿಲ್ಲವೇ ಎಂದು ಕೇಳಿದೆ. ವೈನಿ ನಿಜವಾಗಿಯೂ ಯೋಚಿಸಿ ಹೇಳಿದರು: "ನಾಕು ದಿನಾ ಆತು. ಆಮ್ಯಾಲೆ ಅನಿಸ್ತು, ಅವಗ ನಾ ಗೊತ್ತಿಲ್ಲ, ನನಗ ಅಂವ ಗೊತ್ತಿಲ್ಲ. ಬ್ಯಾರೆ ಬ್ಯಾರೆ ಊರಾಗ ಕೂತು ಮಾಡಿದ್ರೂ ಒಂದ ಉತ್ತರ ಬಂತು. ಅಂದ್ರ ಇಬ್ಬರದೂ ಖರೆ."

ಆ ಮೇಲೆ ಒಂದೂವರೆ ವರ್ಷಕ್ಕೆ ರಾಯರಿಗೆ ಸೂರತ್‌ನಲ್ಲಿ ಕೆಲಸ ಸಿಕ್ಕಿ ಅವರು ಊರು ಬದಲಿಸಿದರು. ತಾಪಿ ನದಿಯಾಚೆ ಅಡಾಜಣ್‌ನಲ್ಲಿ ಮನೆ. ಆಗ ಅದು ಹೊಲಗಳ ನಡುವಿನ ಹಳ್ಳಿ. ಡಿಸೆಂಬರಿನ ಒಂದು ರಜೆಯಲ್ಲಿ ಹೋಗಿದ್ದೆ. ವೈನಿ ತುಸು ಮೈತುಂಬಿಕೊಂಡಿದ್ದರು. ಮಧ್ಯಾಹ್ನಗಳಲ್ಲಿ ಸುತ್ತಲಿನ ಏಳೆಂಟು ಹುಡುಗಿಯರಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಅವರ ಗುಜರಾತಿ ಅಷ್ಟಕ್ಕಷ್ಟೇ, ಆದರೆ ಹುಡುಗಿಯರು ನಗುತ್ತ ತಿದ್ದುತ್ತಿದ್ದರು.

ಹುಡುಗಿಯರು ಹೋದ ಮೇಲೆ ನನ್ನ ಕಣ್ಣು ಗೂಡಿನ ಕಡೆ ಹೋಯಿತು. ಹೊಸ ವಹಿಗಳು ಎರಡಿದ್ದವು.

"ಹದಿನೆಂಟು ಸುಲಭ, ಅದು ಒಂದ ದಿನದಾಗ ಒಡೀತು. ಹತ್ತೊಂಬತ್ತು ಹಿಡದೀನಿ" ಅಂದರು.

ಈ ಸಲ ನಾನು ಒಂದು ಕ್ಷಣವೂ ತಡಮಾಡಲಿಲ್ಲ. "ವೈನಿ, ಹತ್ತೊಂಬತ್ತರದೂ ನನಗೆ ಗೊತ್ತಿದೆ. ಅದೇ ಪುಸ್ತಕದಲ್ಲಿ ನೋಡಿದ್ದೆ. ಹೇಳಲಾ, ಬೇಡವಾ? ನೀವು ಹೇಳಿದ ಹಾಗೆ."

ವಹಿಯ ರಟ್ಟನ್ನು ಒಮ್ಮೆ ಸವರಿದರು. "ಹೇಳು" ಅಂದರು.

"ಯಾವುದೂ ಭಾಗಿಸೋದಿಲ್ಲ. ಹತ್ತೊಂಬತ್ತು ಒಂದುಗಳು ಒಡೆಯೋದೇ ಇಲ್ಲ."

"ಖಾತ್ರಿ?"

"ಪುಸ್ತಕದಲ್ಲಿದೆ."

"ಪುಸ್ತಕದವರು ಒಂಬತ್ತರ ತಾಳಿ ಅಷ್ಟ ನೋಡಿದ್ರೋ ಏನೋ" ಅಂದರು. ಇಬ್ಬರೂ ನಕ್ಕೆವು. ರಾಯರು ಒಳಗಿನಿಂದ ಏನಾಯಿತೆಂದು ಕೇಳಿದರು. "ಏನಿಲ್ಲ, ನನಗ ನೌಕರಿಯಿಂದ ರಜಾ ಸಿಕ್ತು" ಎಂದು ವೈನಿ ಕೂಗಿ ಹೇಳಿ, ವಹಿಗಳನ್ನು ಒಂದರ ಮೇಲೊಂದು ಇಟ್ಟು, "ನಡಿ, ಹೊಳಿ ಕಡೆ ಹೋಗೂಣು. ನಿನಗ ಒಂದು ತೋರಸೂದದ" ಅಂದರು.

ನದಿಯ ದಂಡೆಯಲ್ಲಿ ಸಾಲಾಗಿ ಬೆಂಕಿ ಹಾಕಿಕೊಂಡು ಜನ ಹಸಿ ಜೋಳದ ತೆನೆ ಸುಡುತ್ತಿದ್ದರು. ಸುಟ್ಟ ತೆನೆಯನ್ನು ಚೀಲದಲ್ಲಿ ಹಾಕಿ ಬಡಿದರೆ ಎಳೆಯ ಹಸಿರು ಕಾಳು ಉದುರುತ್ತಿತ್ತು. ಸೂರತ್‌ನವರು ಅದಕ್ಕೆ ಪೋಂಕ್ ಅನ್ನುತ್ತಾರೆ. ವೈನಿ ಬೊಗಸೆ ಒಡ್ಡಿ ಹಾಕಿಸಿಕೊಂಡರು.

"ಇದು ಸೀತನಿ ಅದವಾ. ನಮ್ಮ ಹೊಲದಾಗ ಇದ ಹಿಂಗ ಸುಡ್ತಿದ್ರು. ಇಷ್ಟು ವರ್ಷ ಗುಜರಾತದಾಗಿದ್ದೆ, ಇಲ್ಲೂ ಸಿಗ್ತದಂತ ಗೊತ್ತ ಇರಲಿಲ್ಲ ನೋಡು" ಅಂದರು. ಹೊಟ್ಟು ಊದಿ, ಅರ್ಧ ನನ್ನ ಕೈಗೆ ಸುರಿದರು. ಕಾಳು ಬಿಸಿಯಾಗಿತ್ತು, ಹಾಲು ತುಂಬಿಕೊಂಡಿತ್ತು. ಇಬ್ಬರೂ ಅಲ್ಲೇ ಮರಳಿನ ಮೇಲೆ ಕೂತು, ಬೆಳಕಿರುವ ತನಕ ತಿಂದೆವು.